ತಾರೀಕಕ್ಕನ ಐವತ್ಮೂರನೇ ವಾರ

ಬಿಸ್ಕತ್ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಕೂರುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತಂತೆ. ಎಲ್ಲಾದರೂ ಸಹಿ ಹಾಕಬೇಕಾಗಿ ಬಂದಾಗ ಅದು ಯಾವುದೆಂದು ಅವಳೇ ಒಂದು ಗಳಿಗೆ ಪೆನ್ನು ಕಚ್ಚಿ ಯೋಚಿಸುತ್ತಿದ್ದಳು. ಊರಿಗೆಲ್ಲ ಅವಳು ತಾರೀಕಕ್ಕ. ನಿಮ್ಮ ಮುತ್ತಜ್ಜನ ಮದುವೆಯ ತಾರೀಕು ಹೇಳಿದರೆ ಸಾಕು, ಅವತ್ತು ಸೋಮವಾರವೋ ಗುರುವಾರವೋ ಎಂದು ನೀವು ಬಾಯಿ ಮುಚ್ಚುವುದರೊಳಗೆ ಹೇಳುತ್ತಿದ್ದಳು. ಇನ್ನು ಸ್ವಲ್ಪ ಒತ್ತಾಯ ಮಾಡಿದರೆ ಅವತ್ತು ಮುತ್ತಜ್ಜಿ ಮುನಿಸಿಕೊಂಡಿದ್ದಳೋ ಇಲ್ಲವೋ ಎನ್ನುವುದನ್ನೂ ಹೇಳಿಯಾಳು ಎಂದು ನಂಬಿದವರಿದ್ದರು. ಅವಳು ಒಳಗೆ ಬಂದರೆ ಗೋಡೆಯ ಕ್ಯಾಲೆಂಡರ್ ತಲೆ ಬಾಗಿಸುತ್ತಿತ್ತು ಎಂಬ ಮಾತು ಮಾತ್ರ ಸುಳ್ಳು. ಅದು ಫ್ಯಾನಿನ ಗಾಳಿ.

ಹುಡುಗಿಯಾಗಿದ್ದಾಗಲೂ ಹೀಗೇ. ತನ್ನನ್ನು ಮದುವೆಯಾಗಲು ಮೂವರು ಆಸೆಪಟ್ಟಾಗ ಮೂವರಿಗೂ ಒಂದೇ ಪ್ರಶ್ನೆ ಕೇಳಿದಳು: "ಜನವರಿ ಮೂವತ್ತೊಂದಕ್ಕೆ ಒಂದು ತಿಂಗಳು ಸೇರಿಸಿದ್ರೆ ಯಾವ ತಾರೀಕು?" ಮೊದಲನೆಯವನು ಫೆಬ್ರವರಿ ಇಪ್ಪತ್ತೆಂಟು ಎಂದ. ಎರಡನೆಯವನು ಮಾರ್ಚ್ ಮೂರು ಎಂದ. ಇಬ್ಬರೂ ತಮ್ಮದೇ ಸರಿ ಎಂದು ಹಟ ಹಿಡಿದರು. ಮೂರನೆಯವನು ಹಿಟ್ಟು ಕಲಸುವ ಯಂತ್ರದ ಮುಂದೆ ನಿಲ್ಲುವವನು, ಮೈ ತುಂಬ ಮೈದಾ. ಅವನು ತಲೆ ಕೆರೆದುಕೊಂಡು, "ನೀವು ಯಾವುದು ಅಂತೀರೋ ಅದು" ಎಂದ. ಅವನನ್ನೇ ಕಟ್ಟಿಕೊಂಡಳು. ಈ ಪ್ರಶ್ನೆಗೆ ಪ್ರಪಂಚದಲ್ಲಿ ಇದಕ್ಕಿಂತ ಸರಿಯಾದ ಉತ್ತರ ಇನ್ನೂ ಹುಟ್ಟಿಲ್ಲ ಎಂದು ಇವತ್ತಿಗೂ ಹೇಳುತ್ತಾಳೆ.

ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ ಪೊಟ್ಟಣದ ಮೇಲೆ ತಾರೀಕು ಒತ್ತಿಸುವುದರಿಂದ ಹಿಡಿದು ಸಕ್ಕರೆ ತರಿಸುವವರೆಗೆ ಎಲ್ಲವೂ ಅವಳ ಕೈಗೆ ಬಂತು. ಹೊಸದರಲ್ಲಿ ಒಂದು ಸಲ ಉಗ್ರಾಣದವನು ಸಕ್ಕರೆ ಬೇಕಾದ ದಿನವನ್ನು 4/5 ಎಂದು ಕಳಿಸಿದ. ಅವನ ಲೆಕ್ಕದಲ್ಲಿ ಅದು ಮೇ ನಾಲ್ಕು. ಸಕ್ಕರೆಯವರ ಕಂಪ್ಯೂಟರ್ ತಿಂಗಳನ್ನು ಮೊದಲು ಓದುವ ಜಾತಿಯದು. ಅದು ಏಪ್ರಿಲ್ ಐದು ಎಂದುಕೊಂಡು ಒಂದು ತಿಂಗಳು ಮುಂಚೆಯೇ ಲಾರಿಗಳನ್ನು ಓಡಿಸಿತು. ಉಗ್ರಾಣ ಮೊದಲೇ ತುಂಬಿತ್ತು. ಮೂಟೆಗಳು ಜಗಲಿಗೆ ಬಂದವು, ಮೆಟ್ಟಿಲು ಹತ್ತಿದವು, ಮ್ಯಾನೇಜರ ಕೋಣೆಗೂ ನುಗ್ಗಿದವು. ಮ್ಯಾನೇಜರು ವಾರಪೂರ್ತಿ ಮೂಟೆಯ ಮೇಲೆ ಕೂತು ಸಹಿ ಹಾಕಿದರು. ಇರುವೆಗಳು ಪಕ್ಕದ ಊರಿನಿಂದ ಬಸ್ಸು ಹಿಡಿದು ಬಂದವು. ಕೆಲವಂತೂ ನಿಂತುಕೊಂಡೇ ಬಂದವಂತೆ. ಅವತ್ತಿನಿಂದ ತಾರೀಕಕ್ಕನ ಕಾರ್ಖಾನೆಯಲ್ಲಿ ತಿಂಗಳನ್ನು ಅಂಕಿಯಲ್ಲಿ ಬರೆದವರಿಗೆ ಚಹಾ ಬಂದ್.

"ಕಂಪ್ಯೂಟರಿಗೆ ತಾರೀಕು ಗೊತ್ತಿಲ್ಲ ಕಣ್ರಪ್ಪಾ," ಎಂದು ಅವಳು ಹೊಸಬರಿಗೆ ಹೇಳುತ್ತಿದ್ದಳು. "ಅದಕ್ಕೆ ಎಣಿಸೋದು ಒಂದೇ ಗೊತ್ತು. ಎಲ್ಲೋ ಒಂದು ದಿನಕ್ಕೆ ಗೂಟ ಹೊಡೆದು, ಅಲ್ಲಿಂದ ಎಷ್ಟು ದಿನ ಆಯ್ತು ಅಂತ ಇಟ್ಕೊಳ್ಳುತ್ತೆ. ಜನವರಿ ಫೆಬ್ರವರಿ ಎಲ್ಲ ನಮ್ಮ ಸಮಾಧಾನಕ್ಕೆ ಮೇಲೆ ಬಳಿಯೋ ಸುಣ್ಣ."

ಇಂಥ ತಾರೀಕಕ್ಕ ಒಂದು ವರ್ಷದ ಕೊನೆಯಲ್ಲಿ ಮುಗ್ಗರಿಸಿದಳು. ಅದೂ ಗಂಡನ ಸಿಂಹಾಸನದ ಮೇಲೆ.

ಕಾರ್ಖಾನೆಯಲ್ಲಿ ಎರಡು ತಂಡ, ಕೆಂಪು ಮತ್ತು ನೀಲಿ. ಒಂದು ವಾರ ಕೆಂಪಿನವರು ಬೆಳಗಿನ ಪಾಳಿ ಮಾಡಿದರೆ ನೀಲಿಯವರು ಸಂಜೆ ಪಾಳಿ, ಅಂದರೆ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ. ಮುಂದಿನ ವಾರ ಅದಲುಬದಲು. ಹಿಂದೆ ಇದಕ್ಕೆಂದು ಗೇಟಿನಲ್ಲಿ ಒಂದು ತಗಡು ನೇತಾಡುತ್ತಿತ್ತು. ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ನೀಲಿ. ಪ್ರತಿ ಶನಿವಾರ ಕಾವಲಿನವನು ಅದನ್ನು ಮಗುಚುತ್ತಿದ್ದ. ನಾಲ್ಕು ವರ್ಷದ ಹಿಂದೆ ತಾರೀಕಕ್ಕ ತಗಡನ್ನು ಇಳಿಸಿ ಪ್ರೋಗ್ರಾಂ ಬರೆದಳು. ವರ್ಷದ ವಾರಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ. ಬೆಸ ಸಂಖ್ಯೆಯ ವಾರ ಕೆಂಪಿಗೆ ಬೆಳಗಿನ ಪಾಳಿ, ಸಮ ಸಂಖ್ಯೆಯ ವಾರ ನೀಲಿಗೆ. ಹಳೇ ವರ್ಷಕ್ಕೊಂದು ಹೊಸ ವರ್ಷಕ್ಕೊಂದು ಕಾಲು ಚಾಚಿ ಮಲಗಿದ ವಾರ ಯಾರದು? ಅದರ ಗುರುವಾರ ಯಾವ ವರ್ಷದಲ್ಲಿ ಬೀಳುತ್ತದೋ ಆ ವರ್ಷದ್ದು. ಹಾಗಾಗಿ ಐದಾರು ವರ್ಷಕ್ಕೊಮ್ಮೆ ವರ್ಷಕ್ಕೆ ಐವತ್ತೆರಡರ ಬದಲು ಐವತ್ಮೂರು ವಾರ ಬರುತ್ತದೆ. "ಐವತ್ಮೂರನೇ ವಾರ ಬಂದಾಗ ಎಲ್ಲರ ಪ್ರೋಗ್ರಾಮೂ ಮಕಾಡೆ ಬೀಳುತ್ತೆ. ನಂದು ಬೀಳಲ್ಲ" ಎಂದು ಅವಳು ಕಂಡಕಂಡವರಿಗೆ ಹೇಳಿದ್ದಳು.

ಬೀಳಲಿಲ್ಲ, ನಿಜ. ನೆಟ್ಟಗೆ ನಿಂತೇ ತಪ್ಪು ಮಾಡಿತು.

ಅದು ಆಮೇಲಿನ ಮಾತು. ಮೊದಲು ಸಿಂಹಾಸನ. ಗಂಡ ನೀಲಿ ತಂಡದವನು. ನೀಲಿಯವರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಹದಿನಾರು ವರ್ಷದಿಂದ ಅವನಿಗೆ ಸಿಕ್ಕ ಪಾತ್ರಗಳೆಂದರೆ ದ್ವಾರಪಾಲಕ, ಆಲದ ಮರ, ಕುದುರೆಯ ಹಿಂಭಾಗ. ಒಮ್ಮೆ ಹೆಣದ ಪಾತ್ರವೂ ಸಿಕ್ಕಿತ್ತು. ಅದರಲ್ಲಿ ಸೀನಿಬಿಟ್ಟು ಮತ್ತೆ ಮರವಾದ. ಈ ಸಲ ಖಾಯಂ ರಾಜ ಬೇರೆ ಊರಿಗೆ ಹೋಗಿದ್ದರಿಂದ, ಹಿಟ್ಟಿನ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಬಲಿತ ಇವನ ಗಂಟಲನ್ನು ನೆನೆದು ನೀಲಿ ಮೇಸ್ತ್ರಿ ರಾಜನ ಪಾತ್ರವನ್ನೇ ಕೊಟ್ಟ. ಮೇಸ್ತ್ರಿಯೇ ನಾಟಕದ ಮೇಷ್ಟ್ರು ಕೂಡ. ಕೊನೆಯ ಅಂಕದಲ್ಲಿ ರಾಜ ಶತ್ರುವಿನ ಈಟಿಗೆ ಎದೆ ಕೊಟ್ಟು, ಒಂದು ಪುಟದಷ್ಟು ಮಾತಾಡಿ, ಸಾಯಬೇಕು. ಅವನಿಗೆ ಆ ಸಾವಿನ ಮೇಲೆ ಪ್ರಾಣ.

ಮನೆಯಲ್ಲಿ ಬೇರೆ ಮಾತೇ ಇಲ್ಲ. ಹಜಾರದಲ್ಲಿ ನಿಂತು "ಯಾರಲ್ಲಿ!" ಎಂದು ಗುಡುಗಿದರೆ ಅಡುಗೆಮನೆಯಿಂದ ಅವನ ತಾಯಿ, "ನಾನೇ ಕಣೋ, ಇನ್ಯಾರು? ಇರೋರೇ ಮೂರು ಜನ. ಕೂಗಾಡ್ಬೇಡ, ಹಾಲು ಒಡೆಯುತ್ತೆ" ಎನ್ನುತ್ತಿದ್ದಳು. ಸ್ನಾನದ ಮನೆಯಲ್ಲಿ ಸಾಯುತ್ತಿದ್ದ. ಮೆಟ್ಟಿಲ ಮೇಲೆ ಸಾಯುತ್ತಿದ್ದ. ತರಕಾರಿ ತರಲು ಹೋದವನು ಅಂಗಡಿಯ ಮುಂದೆ ಒಂದು ಸಲ ಎಷ್ಟು ಚೆನ್ನಾಗಿ ಸತ್ತನೆಂದರೆ ಇಬ್ಬರು ನೀರು ಚಿಮುಕಿಸಿದರು.

ನಾಟಕ ಹೊಸ ವರ್ಷದ ಮೂರನೇ ವಾರದ ಶನಿವಾರ, ಸಂಜೆ ಏಳಕ್ಕೆ. ಊರಿನ ಸಭಾಂಗಣ ಖಾಲಿ ಇದ್ದದ್ದು ಅದೊಂದೇ ದಿನ. ಉಳಿದ ಶನಿವಾರ, ಭಾನುವಾರಗಳನ್ನೆಲ್ಲ ಮದುವೆಯವರು ಹಿಡಿದಿದ್ದರು. ನೀಲಿಯವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ವಾರ ಬಿಟ್ಟು ಒಂದು ವಾರ ಬಣ್ಣ ಬಳಿದು ನೋಡಿದ್ದರು: ಆ ವಾರ ತಮಗೆ ಬೆಳಗಿನ ಪಾಳಿ, ಸಂಜೆ ಬಿಡುವು. ಸರಿ, ಗೊತ್ತುಮಾಡಿದರು.

ಡಿಸೆಂಬರ್ ನಡುವೆ ತಾರೀಕಕ್ಕನ ಕಂಪ್ಯೂಟರ್ ಹೊಸ ವರ್ಷದ ಪಾಳಿ ಪಟ್ಟಿಯನ್ನು ಉಗುಳಿತು. ಕಾವಲಿನವನು ಗೇಟಿಗೆ ಅಂಟಿಸಿದ. ಕಾಲು ಗಂಟೆಯಲ್ಲಿ ಗೇಟಿನ ಮುಂದೆ ಜಾತ್ರೆ. ಮನೆಗೆ ಓಡಿ ಕ್ಯಾಲೆಂಡರ್ ಕಿತ್ತುಕೊಂಡು ಬಂದವರೆಷ್ಟೋ; ಕೆಲವರು ಮೊಳೆಯನ್ನೂ ಜೊತೆಗೇ ತಂದಿದ್ದರು.

"ಇದೇನ್ರೀ, ನಮಗೆ ಎರಡು ವಾರ ಒಟ್ಟಿಗೆ ಸಂಜೆ ಶಿಫ್ಟು?"

"ಅಷ್ಟೇ ಅಲ್ಲ, ಅಲ್ಲಿಂದಾಚೆ ವರ್ಷಪೂರ್ತಿ ತಿರುಗಾಮುರುಗಾ!"

"ನಾನು ಹಲ್ಲು ಕೀಳ್ಸೋಕೆ ದಿನ ಗೊತ್ತುಮಾಡಿದ್ದೆ. ಈಗ ಹಲ್ಲಿಗೆ ಏನು ಹೇಳ್ಲಿ?"

ನೀಲಿ ಮೇಸ್ತ್ರಿ ಪಟ್ಟಿಯ ಮೇಲೆ ಬೆರಳಿಟ್ಟು ಮೂರನೇ ವಾರಕ್ಕೆ ಬಂದ. ನೀಲಿ, ಸಂಜೆ. ಅವನ ಮುಖ ಬೇಯದ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತು. "ರಾಜ, ಮಂತ್ರಿ, ಶತ್ರು, ಸೈನ್ಯ, ಎಲ್ಲಾ ಆವತ್ತು ಏಳು ಗಂಟೆಗೆ ಭಟ್ಟಿ ಮುಂದೆ ಇರ್ತಾರೆ. ಪರದೆ ಎಳೆದು ಯಾರನ್ನ ತೋರಿಸ್ಲಿ?"

ಆ ರಾತ್ರಿ ಗಂಡ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತ. ಗುಡುಗಲಿಲ್ಲ, ಸಾಯಲಿಲ್ಲ. ಅವನ ತಾಯಿಗೆ ಗಾಬರಿಯಾಯಿತು. "ಏನಾಯ್ತೋ? ಒಂದು ಸಲ ಸಾಯಪ್ಪಾ, ಮನೆ ಬಿಕೋ ಅನ್ನುತ್ತೆ."

"ಬಿಡಮ್ಮ. ನನ್ನ ಹಣೇಲಿ ಮರ ಅಂತ ಬರೆದಿದೆ."

ತಾರೀಕಕ್ಕ ತಟ್ಟೆ ಸರಿಸಿ ಎದ್ದಳು. ಗಂಡ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುದಿನವೆಲ್ಲ ಪ್ರೋಗ್ರಾಮನ್ನು ಮಗುವಿನ ತಲೆಯಲ್ಲಿ ಹೇನು ನೋಡುವಂತೆ ನೋಡಿದಳು. ಅಧಿಕ ವರ್ಷ ಸರಿ. ಫೆಬ್ರವರಿ ಸರಿ. ಗುರುವಾರದ ನಿಯಮ ಸರಿ. ಐವತ್ಮೂರನೇ ವಾರ, ಹೆಮ್ಮೆಯಿಂದ ಎದೆಯುಬ್ಬಿಸಿಕೊಂಡು, ಎಲ್ಲಿ ಇರಬೇಕೋ ಅಲ್ಲೇ ಇತ್ತು. ಪ್ರತಿಯೊಂದೂ ಸರಿ, ಸೇರಿಸಿದರೆ ತಪ್ಪು. ಇಂಥ ಸಂಸಾರಗಳನ್ನು ಅವಳು ನೋಡಿದ್ದಳು, ಇಂಥ ಲೆಕ್ಕ ನೋಡಿರಲಿಲ್ಲ.

ಅದರ ಮಾರನೇ ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವಾಗ ಪೇಪರಿನವನು ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದ. ಅವರ ಬೀದಿಯಲ್ಲಿ ಎಡಗಡೆ ಬೆಸ ಸಂಖ್ಯೆಯ ಮನೆಗಳು, ಬಲಗಡೆ ಸಮ ಸಂಖ್ಯೆಯವು. ಪೇಪರಿನವನು ಎಡಕ್ಕೊಂದು, ಬಲಕ್ಕೊಂದು, ಎಡಕ್ಕೊಂದು, ಬಲಕ್ಕೊಂದು ಎಸೆಯುತ್ತ ಗಡಿಯಾರದ ಲೋಲಕದಂತೆ ಸಾಗಿದ್ದ. ಔಷಧದ ಅಂಗಡಿಯ ಹತ್ತಿರ ಮೊದಲನೇ ಬೀದಿ ಮುಗಿದು, ಅದೇ ರಸ್ತೆ ಎರಡನೇ ಬೀದಿಯಾಗುತ್ತದೆ. ಅಲ್ಲಿ ಅವನು ಬಲಕ್ಕೆ ಎಸೆದ, ಎಡಕ್ಕೆ ಎಸೆದ, ಮತ್ತೆ ಎಡಕ್ಕೇ ಎಸೆದ.

ತಾರೀಕಕ್ಕ ರಸ್ತೆಯ ನಡುವೆ ನಿಂತುಬಿಟ್ಟಳು. ಮೊದಲನೇ ಬೀದಿಯ ಕೊನೆಯ ಮನೆ ಐವತ್ಮೂರು. ಅದರ ಪಕ್ಕದ್ದು ಎರಡನೇ ಬೀದಿಯ ಒಂದು. ಎರಡೂ ಬೆಸ, ಎರಡೂ ಎಡಗಡೆ, ಗೋಡೆಗೆ ಗೋಡೆ ತಾಗಿಸಿ ನಿಂತಿವೆ! ಐವತ್ತೆರಡರ ಮುಂದೆ ಒಂದು ಬಂದರೆ ಸಮ ಆದ ಮೇಲೆ ಬೆಸ, ಪಾಳಿ ಮಗುಚುತ್ತದೆ. ಐವತ್ಮೂರರ ಮುಂದೆ ಒಂದು ಬಂದರೆ ಬೆಸದ ಮೇಲೆ ಬೆಸ. ಕೆಂಪಿಗೇ ಎರಡು ವಾರ ಬೆಳಗು, ನೀಲಿಗೇ ಎರಡು ವಾರ ಸಂಜೆ. ತಾನು ವಾರ ಎಣಿಸಿದ್ದು ಸರಿ. ವರ್ಷ ಬದಲಾದಾಗ ಮತ್ತೆ ಒಂದರಿಂದ ಎಣಿಸಿದ್ದೇ ಕೇಡು. ಬಿಸ್ಕತ್ತಿಗೆ ವರ್ಷ ಎಲ್ಲಿದೆ?

"ಅಕ್ಕಾ, ಸ್ವಲ್ಪ ಸರೀರಿ, ಬಸ್ಸು!" ಎಂದು ಪೇಪರಿನವನು ಕೂಗಿದ. ಹಿಂದೆ ಬಸ್ಸು ಎಷ್ಟು ಹೊತ್ತಿನಿಂದ ಹಾರ್ನ್ ಮಾಡುತ್ತಿತ್ತೆಂದರೆ ಅದರ ಹಾರ್ನ್‌ಗೆ ಗಂಟಲು ಕಟ್ಟಿತ್ತು.

ಮಧ್ಯಾಹ್ನ ಎರಡಕ್ಕೆ, ಪಾಳಿ ಬದಲಾಗುವ ಹೊತ್ತಿಗೆ, ಅವಳು ಮ್ಯಾನೇಜರ ಕೋಣೆಯಲ್ಲಿ ಇಬ್ಬರು ಮೇಸ್ತ್ರಿಗಳನ್ನೂ ಸೇರಿಸಿದಳು. ಕೆಂಪು ತಂಡದ ಮೇಸ್ತ್ರಿ ಬೇರೆ ಯಾರೂ ಅಲ್ಲ, ಗಂಡನ ಅಕ್ಕ, ಇವಳಿಗೆ ಅತ್ತಿಗೆ. ಅತ್ತಿಗೆಯ ದನಿಗೆ ಭಟ್ಟಿಯ ಬೆಂಕಿ ತಾನಾಗಿಯೇ ಸಣ್ಣಗಾಗುತ್ತಿತ್ತು.

"ತಪ್ಪು ನಂದೇ," ಎಂದಳು ತಾರೀಕಕ್ಕ. "ಈ ವರ್ಷಕ್ಕೆ ಐವತ್ಮೂರು ವಾರ ಇದೆ, ಅದಕ್ಕೇ..."

"ಐವತ್ಮೂರಾ?" ಮ್ಯಾನೇಜರು ಕನ್ನಡಕ ತೆಗೆದರು. "ಯಾರನ್ನ ಕೇಳಿ ಇಟ್ರು? ನನಗೆ ಕಾಗದಾನೇ ಬಂದಿಲ್ಲ."

"ಅದು ತಾನಾಗೇ ಬರುತ್ತೆ ಸಾರ್. ಈಗ ವರ್ಷದ ಗೊಡವೆ ಬಿಟ್ಟು, ಒಂದು ಸೋಮವಾರಕ್ಕೆ ಗೂಟ ಹೊಡೆದು, ಅಲ್ಲಿಂದ ವಾರಗಳನ್ನ ಒಂದೇ ಸಮ ಎಣಿಸ್ಕೊಂಡು ಹೋಗ್ತೀನಿ. ಆಗ ಯಾವತ್ತೂ ತಪ್ಪಲ್ಲ."

"ನಮ್ಮ ಕಾರ್ಖಾನೆ ಶುರುವಾದ ದಿನಕ್ಕೇ ಹೊಡೀರಿ ಗೂಟ. ಶುಭವಾಗಿರುತ್ತೆ."

"ಅವತ್ತು ಬುಧವಾರ ಸಾರ್."

"ಅದನ್ನ ಸೋಮವಾರ ಮಾಡಿಬಿಡಿ. ಕಂಪ್ಯೂಟರ್ ನಿಮ್ಮ ಕೈಲಿದೆಯಲ್ಲ?"

ಕೊನೆಗೆ, ನಾಲ್ಕು ವರ್ಷದ ಹಿಂದೆ ತಗಡು ಇಳಿಸಿದ ಸೋಮವಾರವೇ ಆಗಲಿ ಎಂದಾಯಿತು. ಆದರೆ ಗೇಟಿಗೆ ಅಂಟಿಸಿದ ಪಟ್ಟಿಯನ್ನು ಬದಲಿಸಬೇಕಾದರೆ ಇಬ್ಬರು ಮೇಸ್ತ್ರಿಗಳೂ ಒಪ್ಪಬೇಕು. ಅದು ಹಳೆಯ ಕಟ್ಟಳೆ. ನೀಲಿ ಮೇಸ್ತ್ರಿ, ಮಾತು ಮುಗಿಯುವ ಮುಂಚೆಯೇ ಒಪ್ಪಿದ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನು ಒಪ್ಪಲ್ಲ. ನಮ್ಮವರಿಗೆ ಎರಡು ವಾರ ಬೆಳಗಿನ ಶಿಫ್ಟು ತಾನಾಗೇ ಬಂದಿದೆ. ಬಾಯಿಗೆ ಬಂದ ತುತ್ತು ಯಾಕೆ ಬಿಡ್ಲಿ?" ಎಂದು ಹೊರಗೆ ನಡೆದೇಬಿಟ್ಟಳು.

ತಾರೀಕಕ್ಕ ಹಿಂದೆಯೇ ಓಡಿ ಸೈಕಲ್ ನಿಲ್ಲಿಸುವ ಜಾಗದಲ್ಲಿ ಹಿಡಿದಳು. "ಅತ್ತಿಗೆ, ನಿಮ್ಮ ತಮ್ಮ ಹದಿನಾರು ವರ್ಷ ಮರ ಆಗಿ ನಿಂತಿದ್ದಾರೆ. ಈಗ ರಾಜ ಆಗೋಕೆ ನೀವೇ ಅಡ್ಡ ಬರೋದಾ?"

"ನನಗೆ ಗೊತ್ತಿಲ್ವೇನೇ ಅವನು ಮರ ಆಗಿದ್ದು?" ಅತ್ತಿಗೆ ಸೈಕಲ್ಲಿನ ಸ್ಟ್ಯಾಂಡನ್ನು ಒದ್ದಳು. "ಕೇಳಿ ಗೊತ್ತು, ಅಷ್ಟೇ. ಒಂದು ಸಲಾನಾದ್ರೂ ನೋಡಿದೀನಾ? ಅವರು ನಾಟಕ ಆಡೋ ಸಂಜೆಗಳಲ್ಲೆಲ್ಲ ನಾನು ಇಲ್ಲಿ ಬಿಸ್ಕತ್ ಬೇಯಿಸ್ತಿರ್ತೀನಿ. ಅವರಿಗೆ ಬಿಡುವು ಅಂದ್ರೆ ನಮಗೆ ಕೆಲಸ. ಕುದುರೆ ಹಿಂದ್ಗಡೆ ಆಗಿದ್ನಂತೆ, ಬಾಲ ಏನ್ ಚೆಂದ ಆಡಿಸ್ದ ಅಂತ ಊರೆಲ್ಲ ಹೇಳ್ತು. ನಾನು ಎತ್ತಿ ಆಡಿಸಿದ ಹುಡುಗ ಕಣೇ ಅವನು. ಈಗ ರಾಜ ಆಗ್ತಾನೆ, ಆಗ್ಲೂ ನಾನು ನೋಡ್ಬಾರ್ದು. ನೀನು ಸರಿಮಾಡಿದ್ರೂ ನನಗೆ ಅವತ್ತು ಸಂಜೆ ಶಿಫ್ಟೇ. ಹಾಗಾದ್ರೆ ಯಾರೂ ನೋಡೋದು ಬೇಡ, ಹೋಗ್ಲಿ!"

ಅತ್ತಿಗೆಯ ಮೂಗು ಕೆಂಪಾಯಿತು. ಕೆಂಪು ತಂಡದ ಮೇಸ್ತ್ರಿ ಅಳುವುದನ್ನು ನೋಡಿದವರು ಊರಿನಲ್ಲಿ ಯಾರೂ ಇರಲಿಲ್ಲ. ನೋಡಿದ್ದರೂ ಹೇಳುವ ಧೈರ್ಯ ಇರಲಿಲ್ಲ. ಅವಳು ತಟಕ್ಕನೆ ಭಟ್ಟಿಯ ಕಡೆಗೆ ಮುಖ ತಿರುಗಿಸಿ, "ಥೂ, ಈ ಹೊಸ ಭಟ್ಟಿ ಹೊಗೆ ನೋಡು. ಮಸಿ ಕಟ್ಟಿದೆ. ಯಾವಾಗ ಕೆರೀತಾರೋ" ಎಂದಳು.

"ಕೆರೆಯೋದಾ!" ಎಂದಳು ತಾರೀಕಕ್ಕ.

ಹೊಸ ಭಟ್ಟಿ ಬಂದು ಆರು ತಿಂಗಳಾಗಿತ್ತು. ನಾಲ್ಕು ವಾರಕ್ಕೊಮ್ಮೆ ಶನಿವಾರ ಮಧ್ಯಾಹ್ನ ಅದನ್ನು ಆರಿಸಿ ಮಸಿ ಕೆರೆಯಬೇಕು. ಅವತ್ತು ಸಂಜೆ ಪಾಳಿಯೇ ಇಲ್ಲ, ಎಲ್ಲರಿಗೂ ರಜೆ. ಈ ಲೆಕ್ಕವನ್ನೂ ಅವಳೇ ಅದೇ ಪ್ರೋಗ್ರಾಮಿಗೆ ಸೇರಿಸಿದ್ದಳು: ನಾಲ್ಕು, ಎಂಟು, ಹನ್ನೆರಡು, ಹೀಗೆ ಐವತ್ತೆರಡರವರೆಗೆ, ಹೊಸ ವರ್ಷದಲ್ಲಿ ಮತ್ತೆ ನಾಲ್ಕು. ಒಂದು ಕಡೆ ಕಚ್ಚಿದ ಹಾವು ಇನ್ನೊಂದು ಕಡೆಯೂ ಕಚ್ಚಿತ್ತು, ಇವಳಿಗೆ ಉರಿ ಗೊತ್ತಾಗಿರಲಿಲ್ಲ.

"ಅತ್ತಿಗೆ, ಬೆರಳು ಕೊಡಿ!" ಎಂದು ಅತ್ತಿಗೆಯ ಕೈಯನ್ನೇ ಕಿತ್ತುಕೊಂಡಳು. "ಐವತ್ತೆರಡನೇ ವಾರ ಭಟ್ಟಿ ಕೆರೀತಾರೆ. ಅಲ್ಲಿಂದ ಎಣಿಸಿ. ಐವತ್ಮೂರು, ಒಂದು, ಎರಡು, ಮೂರು! ನಾಲ್ಕು ವಾರ ಮೂರನೇ ವಾರಕ್ಕೇ ಆಗೋಗುತ್ತೆ. ನನ್ನ ಪ್ರೋಗ್ರಾಂ ಐವತ್ಮೂರನ್ನ ನುಂಗಿ, ಭಟ್ಟಿ ಕೆರೆಯೋದನ್ನ ಒಂದು ವಾರ ಮುಂದಕ್ಕೆ ತಳ್ಳಿದೆ. ಸರಿಮಾಡಿದ್ರೆ ಅದು ಮೂರನೇ ಶನಿವಾರಕ್ಕೇ ಬರುತ್ತೆ."

"ಬಂದ್ರೆ?"

"ನಾಟಕದ ದಿನ! ಅವತ್ತು ಸಂಜೆ ಭಟ್ಟಿ ತಣ್ಣಗೆ. ನಿಮಗೆ ಶಿಫ್ಟೇ ಇಲ್ಲ!"

ಅತ್ತಿಗೆ ತನ್ನ ನಾಲ್ಕು ಬೆರಳುಗಳನ್ನು ಇನ್ನೊಂದು ಸಲ ಎಣಿಸಿದಳು. ಮತ್ತೊಂದು ಸಲ ಎಣಿಸಿದಳು. ಆಮೇಲೆ ಸೈಕಲ್ ಅಲ್ಲೇ ಬೀಳಿಸಿ ಮ್ಯಾನೇಜರ ಕೋಣೆಗೆ ಎಷ್ಟು ರಭಸವಾಗಿ ನುಗ್ಗಿದಳೆಂದರೆ, ಮ್ಯಾನೇಜರು ಅವಳಿಗಿಂತ ಮುಂಚೆ ತಾವೇ ಸಹಿ ಹಾಕಿಬಿಟ್ಟರು.

ನಾಟಕದ ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಂಪು ತಂಡ ಇಡಿಯಾಗಿ ಬಂದಿತ್ತು. ಜನ ಕಿಟಕಿಯಲ್ಲಿ, ಕಂಬದ ಮೇಲೆ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು. ಮೊದಲ ಸಾಲಿನಲ್ಲಿ ಅತ್ತಿಗೆ, ಪಕ್ಕದಲ್ಲಿ ತಾರೀಕಕ್ಕ, ಆ ಕಡೆ ತಾಯಿ. ರಾಜ ಬಂದ. ಕಿರೀಟ ಬಿಸ್ಕತ್ ಡಬ್ಬಿಯ ತಗಡಿನದು, ಆದರೆ ಹೊಳೆದದ್ದು ಹೊಳೆದದ್ದೇ. ಅವನ ದನಿಗೆ ಸಭಾಂಗಣದ ಹೆಂಚಿನ ಮೇಲಿದ್ದ ಪಾರಿವಾಳಗಳು ಊರು ಬಿಟ್ಟವು. ಅತ್ತಿಗೆ ಕೂತಲ್ಲೇ ಎದೆ ಸೆಟೆದು ಅಕ್ಕಪಕ್ಕದವರನ್ನೆಲ್ಲ ನೋಡುತ್ತಿದ್ದಳು, ರಾಜ್ಯ ತನ್ನದೇ ಎಂಬಂತೆ.

ಕೊನೆಯ ಅಂಕ. ಶತ್ರು ಈಟಿ ಎತ್ತಿ ಬಂದ. ಅವನು ಪೊಟ್ಟಣ ಕಟ್ಟುವ ವಿಭಾಗದ ಬಡಕಲು ಮನುಷ್ಯ, ಆದರೂ ಮೀಸೆ ಭಯಂಕರವಾಗಿತ್ತು. ರಾಜ ಎದೆಯೊಡ್ಡಿ ನಿಂತ. ಈಟಿ ಎದೆಗೆ ಇನ್ನೇನು ತಾಗಬೇಕು, ಮೊದಲ ಸಾಲಿನಿಂದ ಭಟ್ಟಿಯನ್ನೇ ನಡುಗಿಸುವ ದನಿ ಎದ್ದಿತು:

"ಏಯ್! ಮುಟ್ಟು ನೋಡೋಣ ನನ್ನ ತಮ್ಮನ್ನ!"

ಶತ್ರು ತಿರುಗಿ ನೋಡಿದ. ಕೆಂಪು ತಂಡದ ಮೇಸ್ತ್ರಿ ಎದ್ದು ನಿಂತಿದ್ದಳು. ಅವನು ಈಟಿ ಕೆಳಗೆ ಹಾಕಿ, "ಇಲ್ಲಕ್ಕಾ, ನಾಟಕ ಅಕ್ಕಾ" ಎಂದು ಎರಡು ಕೈ ಎತ್ತಿದ. ಅವನ ಸೈನ್ಯವೂ ಕೈ ಎತ್ತಿತು. ಕೆಂಪು ತಂಡ ಶಿಳ್ಳೆ ಹೊಡೆದು ಸೂರು ಹಾರಿಸಿತು. ಪರದೆಯ ಹಿಂದೆ ನೀಲಿ ಮೇಸ್ತ್ರಿ ಹಣೆ ಚಚ್ಚಿಕೊಂಡು ಹಗ್ಗ ಎಳೆದುಬಿಟ್ಟ. ನಾಟಕ ಹಾಗೇ ಬರೆದಿದೆ ಎಂದೇ ಊರು ತಿಳಿಯಿತು. ಇಂಥ ಒಳ್ಳೆಯ ಮುಕ್ತಾಯ ಎಂದೂ ನೋಡಿಲ್ಲ ಎಂದು ಮ್ಯಾನೇಜರು ಕಣ್ಣೊರೆಸಿಕೊಂಡರು.

ದಾರಿಯಲ್ಲಿ ರಾಜ ಕಿರೀಟ ಕಂಕುಳಲ್ಲಿಟ್ಟುಕೊಂಡು ನಡೆಯುತ್ತಿದ್ದ. "ಅಕ್ಕಾ, ಒಂದು ಪುಟ ಮಾತು ಇತ್ತಲ್ಲಕ್ಕಾ. ಸಾಯೋಕೆ ಬಿಡ್ಲಿಲ್ವಲ್ಲ ನೀನು!"

"ನಾನು ಕಣ್ಣೆದುರು ಕೂತಿರುವಾಗ ಸಾಯ್ತೀಯೇನೋ? ನಾಚಿಕೆ ಆಗಲ್ವಾ?" ಎಂದು ಅತ್ತಿಗೆ ಅವನ ತಲೆಗೊಂದು ಮೊಟಕಿ, ಮತ್ತೆ ಅದೇ ಕೈಯಿಂದ ಕೂದಲು ಸರಿಪಡಿಸಿ, ತಾಯಿಯ ಕೈ ಹಿಡಿದು ಮುಂದೆ ನಡೆದಳು.

ಗಂಡ ಎರಡು ಹೆಜ್ಜೆ ಹಿಂದೆ ಉಳಿದು ಹೆಂಡತಿಯ ಕಿವಿಯ ಹತ್ತಿರ ಬಂದ. ರಾಜನ ಗಂಟಲು ಮೊದಲ ಸಲ ಪಿಸುಗುಟ್ಟಿತು.

"ಲೇ, ನಿನ್ನ ಲೆಕ್ಕದಲ್ಲಿ ಸ್ವಲ್ಪ ನೋಡಿ ಹೇಳೇ. ಅಕ್ಕನಿಗೆ ಸಂಜೆ ಶಿಫ್ಟ್ ಇದ್ದು, ಭಟ್ಟಿ ಉರೀತಿರೋ ಶನಿವಾರ ಮುಂದೆ ಯಾವುದಿದೆ? ಒಂದು ಸಲ ನೆಮ್ಮದಿಯಾಗಿ ಸತ್ತುಬಿಡ್ತೀನಿ."

ತಾರೀಕಕ್ಕ ನಗುತ್ತಲೇ ಬೆರಳು ಮಡಿಸತೊಡಗಿದಳು.